ಒಂದೇ ಬೀದಿಯಲ್ಲಿ ಎರಡು ಬೋರ್ಡು: ಅಮೆರಿಕ ನಿಜಕ್ಕೂ ಒಡೆಯುತ್ತಿದೆಯಾ?

ಪ್ರಶ್ನೆ: ನಾನು ಶಿವಮೊಗ್ಗದವನು, ಬ್ಯಾಂಕ್ ಕೆಲಸದಿಂದ ನಿವೃತ್ತನಾಗಿದ್ದೇನೆ. ಮಗಳು, ಅಳಿಯ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ, ಫಿಲಡೆಲ್ಫಿಯಾ ಪಕ್ಕದ ಬಕ್ಸ್ ಕೌಂಟಿಯಲ್ಲಿದ್ದಾರೆ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ). 2024ರ ಚುನಾವಣೆ ಹೊತ್ತಿಗೆ ನಾವೂ ಅಲ್ಲೇ ಇದ್ದೆವು. ಒಂದು ಮನೆ ಮುಂದೆ ಟ್ರಂಪ್ ಬೋರ್ಡು, ಪಕ್ಕದ ಮನೆ ಮುಂದೆ ಹ್ಯಾರಿಸ್ ಬೋರ್ಡು. ವರ್ಷಗಟ್ಟಲೆ ಒಬ್ಬರ ಮನೆಗೆ ಒಬ್ಬರು ಊಟಕ್ಕೆ ಹೋಗುತ್ತಿದ್ದ ಆ ಎರಡು ಮನೆಯವರು ಮಾತು ಬಿಟ್ಟಿದ್ದರು. ಟಿವಿ ಹಾಕಿದರೆ ಬರೀ ಒಬ್ಬರನ್ನೊಬ್ಬರು ಬೈಯುವ ಜಾಹೀರಾತು. ನಮ್ಮಲ್ಲೂ ಚುನಾವಣೆ ಜಗಳ ಇದ್ದದ್ದೇ, ಆದರೆ ಇದು ಬೇರೆ ಥರ ಅನ್ನಿಸಿತು. ಆ ದೇಶ ಎರಡು ಹೋಳಾಗುತ್ತಿದೆಯಾ? ಅಂತರ್ಯುದ್ಧ ಆಗುತ್ತದೆ ಅಂತ ಯೂಟ್ಯೂಬ್‌ನಲ್ಲಿ ಹೇಳುತ್ತಾರೆ, ನಿಜವಾ? ಜಾಸ್ತಿ ಓಟು ಪಡೆದವರು ಸೋಲುವುದು ಹೇಗೆ? ಅಲ್ಲಿ ಚುನಾವಣಾ ಆಯೋಗ ಇಲ್ಲವಾ? ಇದೆಲ್ಲ ಟ್ರಂಪ್ ಒಬ್ಬರಿಂದ ಆದದ್ದಾ? ಮಗಳಿಗೆ ಸದ್ಯದಲ್ಲೇ ಪೌರತ್ವ ಸಿಗಲಿದೆ. ಅವಳು ಯಾವುದಾದರೂ ಪಕ್ಷದ ಹೆಸರಲ್ಲಿ ನೋಂದಾಯಿಸಿಕೊಳ್ಳಬೇಕಾ, ಸುಮ್ನೆ ದೂರ ಇರಬೇಕಾ? ಅಳಿಯನದು ಇನ್ನೂ ಗ್ರೀನ್ ಕಾರ್ಡ್.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಬೆರೆತಿವೆ. ಒಂದು ಆ ದೇಶದ್ದು, ಇನ್ನೊಂದು ಮಗಳ ಸಂಸಾರದ್ದು. ಎರಡನೆಯದೇ ನಿಮ್ಮನ್ನು ಹೆಚ್ಚು ಕಾಡುತ್ತಿದೆ ಅಂತ ಕಾಣುತ್ತದೆ. ಅದಕ್ಕೆ ಕೊನೆಯಲ್ಲಿ ಬರುತ್ತೇನೆ, ಯಾಕೆಂದರೆ ಮೊದಲನೆಯದನ್ನು ಬಿಡಿಸಿ ನೋಡದೆ ಅದಕ್ಕೆ ಸರಿಯಾಗಿ ಹೇಳಲು ಆಗುವುದಿಲ್ಲ. ನಾನು ರಾಜ್ಯಶಾಸ್ತ್ರದ ಮೇಷ್ಟ್ರು. ಬೇರೆ ಬೇರೆ ದೇಶಗಳ ಚುನಾವಣೆಗಳನ್ನು ಪಕ್ಕಪಕ್ಕ ಇಟ್ಟು ಓದುವುದು ನನ್ನ ಕೆಲಸ. ನನಗೂ ಅಲ್ಲಿ ಓಟಿಲ್ಲ. ನಿಮ್ಮಂತೆ ಹೊರಗೆ ನಿಂತೇ ನೋಡುತ್ತೇನೆ.

ಮೊದಲು ನೀವು ನಿಂತಿದ್ದ ಜಾಗದ ಬಗ್ಗೆ. ಆ ವರ್ಷ ಇಡೀ ಅಮೆರಿಕದಲ್ಲಿ ಅತಿ ಹೆಚ್ಚು ಕಾವೇರಿದ್ದ ರಾಜ್ಯ ಪೆನ್ಸಿಲ್ವೇನಿಯಾ. ಅಲ್ಲಿ 2016ರಲ್ಲಿ ಟ್ರಂಪ್ ಗೆದ್ದದ್ದು ಸುಮಾರು 44 ಸಾವಿರ ಓಟಿನಿಂದ. 2020ರಲ್ಲಿ ಬೈಡನ್ ಗೆದ್ದದ್ದು ಸುಮಾರು 80 ಸಾವಿರದಿಂದ. 2024ರಲ್ಲಿ ಮತ್ತೆ ಟ್ರಂಪ್, ಸುಮಾರು 1 ಲಕ್ಷ 20 ಸಾವಿರದಿಂದ. ಓಟು ಹಾಕಿದವರು 60-70 ಲಕ್ಷ ಜನ. ಅದರಲ್ಲೂ ಬಕ್ಸ್ ಕೌಂಟಿಯಲ್ಲಿ 2024ರ ಅಂತರ ಕೆಲವೇ ನೂರು ಓಟು. ಹೀಗಾಗಿ ಎರಡೂ ಪಕ್ಷಗಳು ದುಡ್ಡು, ಜಾಹೀರಾತು, ಕಾರ್ಯಕರ್ತರು ಎಲ್ಲವನ್ನೂ ತಂದು ಅಲ್ಲೇ ಸುರಿದವು. ಅದೇ ತಿಂಗಳು ನೀವು ಕ್ಯಾನ್ಸಸ್‌ನಲ್ಲೋ ಆಲಬಾಮಾದಲ್ಲೋ ಇದ್ದಿದ್ದರೆ ಅಧ್ಯಕ್ಷ ಚುನಾವಣೆಯ ಜಾಹೀರಾತು ಇಷ್ಟು ಕಾಣುತ್ತಿರಲಿಲ್ಲ. ನೀವು ಕಂಡದ್ದು ಸುಳ್ಳಲ್ಲ, ಆದರೆ ಅದು ದೇಶದ ಸರಾಸರಿ ಅಲ್ಲ.

ಟಿವಿಯಲ್ಲಿ ತೋರಿಸುವ ಕೆಂಪು-ನೀಲಿ ನಕ್ಷೆಯೂ ಹೀಗೇ ದಾರಿ ತಪ್ಪಿಸುತ್ತದೆ. ಕೆಂಪು ಅಂದರೆ ಟ್ರಂಪ್ ಅವರ ರಿಪಬ್ಲಿಕನ್ ಪಕ್ಷ, ನೀಲಿ ಅಂದರೆ ಬೈಡನ್, ಹ್ಯಾರಿಸ್ ಅವರ ಡೆಮಾಕ್ರಟ್ ಪಕ್ಷ ಅನ್ನುವ ಲೆಕ್ಕ ಗಟ್ಟಿಯಾದದ್ದೇ 2000ದ ಚುನಾವಣೆಯಿಂದ. ಅದಕ್ಕೆ ಮೊದಲು ಒಂದೊಂದು ಚಾನೆಲ್ ಒಂದೊಂದು ಬಣ್ಣ ಬಳಸುತ್ತಿತ್ತು. 2020ರಲ್ಲಿ ಟ್ರಂಪ್‌ಗೆ ಅತಿ ಹೆಚ್ಚು ಓಟು ಕೊಟ್ಟ ರಾಜ್ಯ ಯಾವುದು ಗೊತ್ತಾ? ಕಡುನೀಲಿ ಅನ್ನಿಸಿಕೊಂಡ ಕ್ಯಾಲಿಫೋರ್ನಿಯಾ. ಅಲ್ಲಿ 60 ಲಕ್ಷ ಜನ ಅವರಿಗೆ ಓಟು ಹಾಕಿದರು. ಅವರು ಗೆದ್ದ ಟೆಕ್ಸಸ್‌ನಲ್ಲಿ ಸಿಕ್ಕಿದ್ದು 59 ಲಕ್ಷದ ಹತ್ತಿರ. ಅದೇ ಟೆಕ್ಸಸ್‌ನಲ್ಲಿ ಬೈಡನ್‌ಗೆ 52 ಲಕ್ಷ ಓಟು ಬಿದ್ದಿತ್ತು. ನಕ್ಷೆಯಲ್ಲಿ ಈ ಜನರೆಲ್ಲ ಕಾಣುವುದೇ ಇಲ್ಲ. ಇನ್ನೊಂದು ಗುಂಪೂ ಕಾಣುವುದಿಲ್ಲ. 2024ರಲ್ಲಿ ಟ್ರಂಪ್‌ಗೆ ಸುಮಾರು 7.7 ಕೋಟಿ, ಹ್ಯಾರಿಸ್‌ಗೆ ಸುಮಾರು 7.5 ಕೋಟಿ ಓಟು. ಹಕ್ಕಿದ್ದೂ ಓಟು ಹಾಕದವರು 9 ಕೋಟಿಯ ಹತ್ತಿರ. ಹಾಗಾಗಿ 'ಅರ್ಧ ದೇಶ ಈ ಕಡೆ, ಅರ್ಧ ದೇಶ ಆ ಕಡೆ' ಅನ್ನುವ ಮಾತು ಲೆಕ್ಕಕ್ಕೇ ನಿಲ್ಲುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಅಮೆರಿಕದವರು ಯಾವುದರ ಬಗ್ಗೆ ಜಗಳ ಆಡುತ್ತಿದ್ದಾರೆ? ತೆರಿಗೆ, ಗರ್ಭಪಾತ, ಬಂದೂಕು, ವಲಸೆ ಅಂತ ನಾವು ಅಂದುಕೊಳ್ಳುತ್ತೇವೆ. ಆ ಭಿನ್ನಾಭಿಪ್ರಾಯಗಳು ನಿಜವೇ. ಆದರೆ ಅಲ್ಲಿನ ಕೆಲವು ರಾಜ್ಯಗಳಲ್ಲಿ ವಿಷಯದ ಮೇಲೇ ನೇರವಾಗಿ ಓಟು ಹಾಕುವ ಪದ್ಧತಿ ಇದೆ. ಆ ಫಲಿತಾಂಶ ನೋಡಿದರೆ ಚಿತ್ರ ಬೇರೆ. 2024ರಲ್ಲಿ ಮಿಸ್ಸೌರಿ ಟ್ರಂಪ್‌ಗೆ ದೊಡ್ಡ ಗೆಲುವು ಕೊಟ್ಟಿತು. ಅದೇ ದಿನ ಅದೇ ಜನ ಗರ್ಭಪಾತದ ಹಕ್ಕಿಗೂ, ಗಂಟೆಗೆ 15 ಡಾಲರ್ ಕನಿಷ್ಠ ಕೂಲಿಗೂ ಒಪ್ಪಿಗೆ ಕೊಟ್ಟರು. ಎರಡೂ ಡೆಮಾಕ್ರಟರ ಬೇಡಿಕೆಗಳು. 2020ರಲ್ಲಿ ಫ್ಲೋರಿಡಾದವರೂ ಟ್ರಂಪ್‌ನ್ನು ಗೆಲ್ಲಿಸಿ, 15 ಡಾಲರ್ ಕೂಲಿಯನ್ನು ಶೇ 60ಕ್ಕಿಂತ ಹೆಚ್ಚು ಓಟಿನಿಂದ ಪಾಸು ಮಾಡಿದ್ದರು. 2022ರಲ್ಲಿ ರಿಪಬ್ಲಿಕನ್ ಕೋಟೆ ಅನ್ನಿಸಿದ ಕ್ಯಾನ್ಸಸ್‌ನಲ್ಲಿ, ಗರ್ಭಪಾತದ ಹಕ್ಕನ್ನು ಆ ರಾಜ್ಯದ ಸಂವಿಧಾನದಿಂದ ತೆಗೆಯುವ ಪ್ರಸ್ತಾವ ಭಾರಿ ಅಂತರದಲ್ಲಿ ಸೋತಿತು. ಹೆಸರು ಕೇಳಿದರೆ ಒಂದು ಉತ್ತರ, ವಿಷಯ ಕೇಳಿದರೆ ಇನ್ನೊಂದು ಉತ್ತರ.

ಹಾಗಾದರೆ ಈ ಸಿಟ್ಟು ಎಲ್ಲಿಂದ? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಜಗಳ ಹೆಚ್ಚಾಗಿ ನೀತಿಯದ್ದಲ್ಲ, 'ನಮ್ಮವರು ಯಾರು, ಅವರು ಯಾರು' ಅನ್ನುವುದರದ್ದು. 1960ರಲ್ಲಿ ಅಮೆರಿಕದವರನ್ನು ಒಂದು ಪ್ರಶ್ನೆ ಕೇಳಿದ್ದರು: ನಿಮ್ಮ ಮಗ ಅಥವಾ ಮಗಳು ಎದುರು ಪಕ್ಷದವರನ್ನು ಮದುವೆಯಾದರೆ ಬೇಜಾರಾಗುತ್ತದಾ? ಹೌದು ಅಂದವರು ಶೇ 5ರ ಆಸುಪಾಸು. 2010ರಲ್ಲಿ ಅದನ್ನೇ ಹೋಲುವ ಪ್ರಶ್ನೆಗೆ ರಿಪಬ್ಲಿಕನ್ನರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು, ಡೆಮಾಕ್ರಟರಲ್ಲಿ ಮೂರನೇ ಒಂದು ಭಾಗ ಜನ ಹೌದು ಅಂದರು. ಈ ಅಂಕಿಗಳನ್ನು ಜೋಡಿಸಿ ತೋರಿಸಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಾಂತೋ ಅಯ್ಯಂಗಾರ್ ಮತ್ತು ಜೊತೆಗಾರರು. ಹೆಣ್ಣು ಕೊಡುವಾಗ, ತರುವಾಗ ಏನೇನು ನೋಡುತ್ತಾರೆ ಅನ್ನುವುದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿ ಆ ಪಟ್ಟಿಗೆ ಪಕ್ಷವೂ ಸೇರಿಕೊಂಡಿದೆ.

ಜೊತೆಗೆ, ಎದುರಿನವರ ಬಗ್ಗೆ ತಪ್ಪು ತಿಳಿವಳಿಕೆ ವಿಪರೀತ. 2018ರಲ್ಲಿ ಪ್ರಕಟವಾದ ಡಗ್ಲಸ್ ಆಹ್ಲರ್ ಮತ್ತು ಗೌರವ್ ಸೂದ್ ಅವರ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ರಿಪಬ್ಲಿಕನ್ನರಲ್ಲಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ಗಿಂತ ಹೆಚ್ಚು ದುಡಿಯುವವರು ಶೇ 38 ಅಂತ ಜನ ಊಹಿಸಿದರು. ನಿಜಕ್ಕೂ ಇದ್ದದ್ದು ಶೇ 2. ಡೆಮಾಕ್ರಟರಲ್ಲಿ ಸಲಿಂಗಿಗಳು, ದ್ವಿಲಿಂಗಿಗಳು ಇತ್ಯಾದಿ ಶೇ 32 ಅಂತ ಊಹೆ, ನಿಜ ಶೇ 6. ನಿಮ್ಮ ಮಗಳ ಬೀದಿಯ ಆ ಎರಡು ಮನೆಯವರು ಮಾತು ಬಿಟ್ಟದ್ದು ಪಕ್ಕದ ಮನೆಯವರ ಮೇಲಿನ ಸಿಟ್ಟಿಗಿಂತ ತಲೆಯಲ್ಲಿ ಕೂತ ಇಂಥ ಒಂದು ಚಿತ್ರದ ಮೇಲಿನ ಸಿಟ್ಟಿನಿಂದ ಇರಬಹುದು.

ಇದು ಹೇಗೆ ಬೆಳೆಯಿತು ಅನ್ನುವುದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1950ರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞರ ಸಂಘವೇ ಒಂದು ವರದಿ ತಂದಿತ್ತು. ಅದರ ದೂರು ಏನೆಂದರೆ, ಎರಡು ಪಕ್ಷಗಳ ನಡುವೆ ವ್ಯತ್ಯಾಸವೇ ಸಾಲದು, ಜನರಿಗೆ ಆರಿಸಲು ಸ್ಪಷ್ಟ ಆಯ್ಕೆಗಳಿಲ್ಲ! ಆಗ ಎರಡೂ ಪಕ್ಷಗಳಲ್ಲಿ ಎಲ್ಲ ಬಗೆಯವರೂ ಇದ್ದರು. ದಕ್ಷಿಣದ ಡೆಮಾಕ್ರಟರು ಕಟ್ಟಾ ಸಂಪ್ರದಾಯವಾದಿಗಳು, ಕರಿಯರಿಗೆ ಸಮಾನ ಹಕ್ಕು ಕೊಡಲು ಅಡ್ಡ ನಿಂತವರು. ಈಶಾನ್ಯದ ರಿಪಬ್ಲಿಕನ್ನರಲ್ಲಿ ಎಷ್ಟೋ ಜನ ಉದಾರವಾದಿಗಳು. ಕರಿಯರಿಗೆ ಸಮಾನ ಹಕ್ಕು ಕೊಟ್ಟ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ಪರ ಸಂಸತ್ತಿನಲ್ಲಿ ಓಟು ಹಾಕಿದವರ ಪ್ರಮಾಣ ಡೆಮಾಕ್ರಟರಿಗಿಂತ ರಿಪಬ್ಲಿಕನ್ನರಲ್ಲೇ ಜಾಸ್ತಿ. ಸಹಿ ಹಾಕಿದ ಅಧ್ಯಕ್ಷ ಲಿಂಡನ್ ಜಾನ್ಸನ್ ಮಾತ್ರ ಡೆಮಾಕ್ರಟ್. ಅಲ್ಲಿಂದ ಮೂವತ್ತು ವರ್ಷದಲ್ಲಿ ನಿಧಾನಕ್ಕೆ ಜನ ಜಾಗ ಬದಲಿಸಿದರು. ದಕ್ಷಿಣದ ಬಿಳಿಯರು ರಿಪಬ್ಲಿಕನ್ ಕಡೆ ಹೋದರು, ಕರಿಯರು ಬಹುತೇಕ ಎಲ್ಲರೂ ಡೆಮಾಕ್ರಟರ ಜೊತೆ ನಿಂತರು. ಆಮೇಲೆ ಚರ್ಚ್‌ಗೆ ಹೋಗುವವರು, ಹೋಗದವರು, ಹಳ್ಳಿ, ಪಟ್ಟಣ, ಕಾಲೇಜು ಓದಿದವರು, ಓದದವರು, ಹೀಗೆ ಒಂದೊಂದು ಗೆರೆಯೂ ಪಕ್ಷದ ಗೆರೆಯ ಮೇಲೇ ಬಂದು ಕೂತಿತು. ಮೊದಲು ಚರ್ಚಿನಲ್ಲಿ ಪಕ್ಕ ಕೂತವನು, ಕಾರ್ಖಾನೆಯ ಯೂನಿಯನ್‌ನ ಗೆಳೆಯ ಬೇರೆ ಪಕ್ಷದವನಾಗಿರುವುದು ಸಾಮಾನ್ಯವಾಗಿತ್ತು. ಈಗ ಅದು ಅಪರೂಪವಾಗುತ್ತಿದೆ. ನನ್ನ ಪ್ರಕಾರ ಬೇರು ಇರುವುದು ಇಲ್ಲೇ. 1996ರಲ್ಲಿ ಶುರುವಾದ ಫಾಕ್ಸ್ ನ್ಯೂಸ್, ಎಂಎಸ್ಎನ್‌ಬಿಸಿ ಚಾನೆಲ್‌ಗಳು, ಆಮೇಲಿನ ಸಾಮಾಜಿಕ ಜಾಲತಾಣಗಳು ಈ ಬೇರಿಗೆ ನೀರೆರೆದವು, ನೆಟ್ಟದ್ದು ಅವಲ್ಲ.

ಟ್ರಂಪ್ ಕಾರಣವಾ ಅಂತ ಕೇಳಿದ್ದೀರಿ. ಅವರಿಗಿಂತ ಮೊದಲೇ ಬಿರುಕು ಇತ್ತು ಅನ್ನುವುದಕ್ಕೆ ನಮ್ಮವರೇ ಒಬ್ಬರ ಉದಾಹರಣೆ ಇದೆ. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಡಾಕ್ಟರ್ ವಿವೇಕ್ ಮೂರ್ತಿ ಅವರನ್ನು ಒಬಾಮ ದೇಶದ ಸರ್ಜನ್ ಜನರಲ್ ಹುದ್ದೆಗೆ, ಅಂದರೆ ಜನರ ಆರೋಗ್ಯದ ಬಗ್ಗೆ ಸಲಹೆ ಕೊಡುವ ಮುಖ್ಯ ವೈದ್ಯರ ಹುದ್ದೆಗೆ ಹೆಸರಿಸಿದರು. ಬಂದೂಕು ಆರೋಗ್ಯದ ಸಮಸ್ಯೆ ಅಂತ ಅವರು ಹಿಂದೆ ಟ್ವೀಟ್ ಮಾಡಿದ್ದರು. ಬಂದೂಕು ಪರ ಸಂಘಟನೆ ವಿರೋಧಕ್ಕೆ ಎದ್ದು ನಿಂತಿತು. ಸಂಸತ್ತಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ವಿಷಯ ತಿಂಗಳುಗಟ್ಟಲೆ ಕೊಳೆಯಿತು. ಕೊನೆಗೆ 2014ರ ಡಿಸೆಂಬರ್‌ನಲ್ಲಿ 51-43 ಓಟಿನಿಂದ ಒಪ್ಪಿಗೆ ಸಿಕ್ಕಿತು. ಟ್ರಂಪ್ ಆಗಿನ್ನೂ ಅಭ್ಯರ್ಥಿಯೂ ಆಗಿರಲಿಲ್ಲ. ಆದರೆ 2020ರಲ್ಲಿ ಅವರು ಮಾಡಿದ್ದು ಬೇರೆಯದೇ ವಿಷಯ. ಅದನ್ನು ಈ ಬಿರುಕಿನ ಲೆಕ್ಕಕ್ಕೆ ಸೇರಿಸಿ ಸಣ್ಣದು ಮಾಡುವುದು ಸರಿಯಲ್ಲ. ಅದಕ್ಕೆ ಈಗಲೇ ಬರುತ್ತೇನೆ. ಮೊದಲು ಓಟಿನ ಲೆಕ್ಕ ಹೇಳಿಬಿಡುತ್ತೇನೆ.

ಅಲ್ಲಿ ಅಧ್ಯಕ್ಷರನ್ನು ಆರಿಸುವುದು ನೇರವಾಗಿ ಜನರಲ್ಲ, ರಾಜ್ಯಗಳಿಗೆ ಹಂಚಿದ 538 ಪ್ರತಿನಿಧಿಗಳು, ಅಂದರೆ ಎಲೆಕ್ಟರ್‌ಗಳು. 270 ಸಿಕ್ಕವರು ಗೆದ್ದಂತೆ. ಮೇಯ್ನ್, ನೆಬ್ರಾಸ್ಕಾ ಬಿಟ್ಟು ಎಲ್ಲ ರಾಜ್ಯಗಳಲ್ಲೂ ಒಂದು ಓಟು ಹೆಚ್ಚು ಪಡೆದವರಿಗೆ ಆ ರಾಜ್ಯದ ಎಲ್ಲ ಎಲೆಕ್ಟರ್‌ಗಳೂ ಹೋಗುತ್ತಾರೆ. ಹೀಗಾಗಿ 2000ದಲ್ಲಿ ಅಲ್ ಗೋರ್ ದೇಶದಲ್ಲಿ 5 ಲಕ್ಷಕ್ಕೂ ಹೆಚ್ಚು ಓಟು ಮುಂದಿದ್ದರೂ ಫ್ಲೋರಿಡಾದಲ್ಲಿ 537 ಓಟಿನಿಂದ ಎಲ್ಲವನ್ನೂ ಕಳೆದುಕೊಂಡರು. 2016ರಲ್ಲಿ ಹಿಲರಿ ಕ್ಲಿಂಟನ್ 28 ಲಕ್ಷಕ್ಕೂ ಹೆಚ್ಚು ಓಟು ಮುಂದಿದ್ದು ಸೋತರು. ಇದು ಮೋಸ ಅಲ್ಲ, ನಿಯಮವೇ ಹಾಗಿದೆ. ನಮ್ಮಲ್ಲೂ ಇದರ ತಮ್ಮ ಇದ್ದಾನೆ: 2018ರ ಕರ್ನಾಟಕ ವಿಧಾನಸಭೆ ಚುನಾವಣೆಯಲ್ಲಿ ಕಾಂಗ್ರೆಸ್‌ಗೆ ಸುಮಾರು ಶೇ 38, ಬಿಜೆಪಿಗೆ ಸುಮಾರು ಶೇ 36 ಓಟು. ಸೀಟು ಮಾತ್ರ ಬಿಜೆಪಿಗೆ 104, ಕಾಂಗ್ರೆಸ್‌ಗೆ 80ರ ಹತ್ತಿರ.

ನಮ್ಮಲ್ಲಿರುವಂಥ ಚುನಾವಣಾ ಆಯೋಗ ಅಲ್ಲಿಲ್ಲ. ಓಟು ನಡೆಸುವುದು, ಎಣಿಸುವುದು ರಾಜ್ಯ ಮತ್ತು ಕೌಂಟಿಗಳ ಕೆಲಸ. ಅನೇಕ ರಾಜ್ಯಗಳಲ್ಲಿ ಚುನಾವಣೆಯ ಮುಖ್ಯ ಅಧಿಕಾರಿಯೇ ಒಂದು ಪಕ್ಷದ ಟಿಕೆಟ್ ಮೇಲೆ ಗೆದ್ದು ಬಂದವರು. ಕ್ಷೇತ್ರದ ಗಡಿ ಎಳೆಯುವುದೂ ಹೆಚ್ಚಿನ ಕಡೆ ಶಾಸಕರೇ. ತಮಗೆ ಬೇಕಾದಂತೆ ಗಡಿ ತಿರುಚುವ ಈ ಚಾಳಿಗೆ 1812ರಲ್ಲಿ ಮ್ಯಾಸಚೂಸೆಟ್ಸ್ ಗವರ್ನರ್ ಆಗಿದ್ದ ಗೆರಿ ಅವರ ಹೆಸರೇ ಅಂಟಿಕೊಂಡಿದೆ: ಗೆರಿಮ್ಯಾಂಡರಿಂಗ್. ಪಕ್ಷದ ಲಾಭಕ್ಕೆ ಗಡಿ ತಿರುಚಿದರೆ ಅದನ್ನು ಕೇಳುವುದು ಫೆಡರಲ್ ಕೋರ್ಟ್‌ಗಳ ಕೆಲಸ ಅಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ಗಡಿ ಹೀಗೆ ಎಳೆದ ಮೇಲೆ ನವೆಂಬರ್ ಚುನಾವಣೆ ಎಷ್ಟೋ ಕಡೆ ಬರೀ ಶಾಸ್ತ್ರಕ್ಕೆ. ನಿಜವಾದ ಸ್ಪರ್ಧೆ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿ ಯಾರು ಅಂತ ಮತದಾರರೇ ಆರಿಸುವ ಒಳಚುನಾವಣೆಯಲ್ಲಿ. ಅಲ್ಲಿಗೆ ಬಂದು ಓಟು ಹಾಕುವವರು ಕಡಿಮೆ, ಬರುವವರು ಹೆಚ್ಚಾಗಿ ಕಟ್ಟಾ ಕಾರ್ಯಕರ್ತರು. ಹೀಗಿರುವಾಗ ಎದುರು ಪಕ್ಷದ ಜೊತೆ ಕೈಜೋಡಿಸಿದ ಸಂಸದನಿಗೆ ಭಯ ಇರುವುದು ತನ್ನವರಿಂದಲೇ. ಅಲ್ಲಿ ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲ, ಸಂಸದ ತನಗೆ ಬೇಕಾದಂತೆ ಓಟು ಹಾಕಬಹುದು. ಆದರೂ ಹಾಕುವುದಿಲ್ಲ. ಕಾರಣ ಈ ಪ್ರೈಮರಿ.

ಇನ್ನು ಅಂತರ್ಯುದ್ಧ. 1861ರಲ್ಲಿ ಶುರುವಾದ ಯುದ್ಧದಲ್ಲಿ ಗುಲಾಮಗಿರಿ ಉಳಿಸಿಕೊಳ್ಳಲು ದಕ್ಷಿಣದ ರಾಜ್ಯಗಳೇ ಒಕ್ಕೂಟ ಬಿಟ್ಟು ಹೋಗಿದ್ದವು. ಅವಕ್ಕೆ ಸೈನ್ಯ ಇತ್ತು, ಗಡಿ ಇತ್ತು. ಆರು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಈಗ ಹಾಗೆ ಎಳೆಯಬಹುದಾದ ಗಡಿ ಎಲ್ಲೂ ಇಲ್ಲ. ಟೆಕ್ಸಸ್ ಒಳಗೆ ನೀಲಿ ನಗರಗಳಿವೆ, ಕ್ಯಾಲಿಫೋರ್ನಿಯಾ ಒಳಗೆ ಕೆಂಪು ಹಳ್ಳಿಗಳಿವೆ. ಆ ಥರದ ಯುದ್ಧ ಆಗುತ್ತದೆ ಅನ್ನುವವರನ್ನು ನಂಬಬೇಡಿ.

ಆದರೆ ಅಪಾಯವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಬಿಡಿಬಿಡಿಯಾಗಿ ನಡೆಯುವ ರಾಜಕೀಯ ಹಿಂಸೆ ನಿಜ. 2024ರ ಜುಲೈನಲ್ಲಿ ಇದೇ ಪೆನ್ಸಿಲ್ವೇನಿಯಾದ ಬಟ್ಲರ್‌ನಲ್ಲಿ ಟ್ರಂಪ್ ಮೇಲೆ ಗುಂಡು ಹಾರಿತು. 2025ರ ಜೂನ್‌ನಲ್ಲಿ ಮಿನೆಸೋಟಾದ ಡೆಮಾಕ್ರಟ್ ಶಾಸಕಿ ಮೆಲಿಸಾ ಹಾರ್ಟ್‌ಮನ್ ಮತ್ತು ಅವರ ಗಂಡ ತಮ್ಮ ಮನೆಯಲ್ಲೇ ಕೊಲೆಯಾದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಯೂಟಾದಲ್ಲಿ ಸಂಪ್ರದಾಯವಾದಿ ನಾಯಕ ಚಾರ್ಲಿ ಕರ್ಕ್ ಅವರನ್ನು ಗುಂಡಿಟ್ಟು ಕೊಂದರು. ಎರಡೂ ಕಡೆಯವರು ಬಲಿಯಾಗಿದ್ದಾರೆ.

ಇದಕ್ಕಿಂತ ದೊಡ್ಡ ಅಪಾಯ ನನ್ನ ದೃಷ್ಟಿಯಲ್ಲಿ ಸೋತವರು ಸೋಲು ಒಪ್ಪದಿರುವುದು. ಮೇಲೆ ಬಾಕಿ ಇಟ್ಟ ವಿಷಯ ಇದೇ. 2020ರಲ್ಲಿ ಟ್ರಂಪ್ ಸೋಲು ಒಪ್ಪಲಿಲ್ಲ. ಅವರ ಪರವಾಗಿ ಹಾಕಿದ ಅರವತ್ತಕ್ಕೂ ಹೆಚ್ಚು ಮೊಕದ್ದಮೆಗಳು ಹೆಚ್ಚುಕಡಿಮೆ ಎಲ್ಲವೂ ಬಿದ್ದುಹೋದವು. ಜಾರ್ಜಿಯಾ ರಾಜ್ಯದ ಚುನಾವಣಾ ಮುಖ್ಯಸ್ಥ ಬ್ರಾಡ್ ರಾಫೆನ್ಸ್‌ಪರ್ಗರ್‌ಗೆ ಫೋನ್ ಮಾಡಿ, 11,780 ಓಟು ಹುಡುಕಿಕೊಡಬೇಕು ಅಂತ ಕೇಳಿದರು. ರಾಫೆನ್ಸ್‌ಪರ್ಗರ್ ಕೂಡ ರಿಪಬ್ಲಿಕನ್. ಅವರು ಮಣಿಯಲಿಲ್ಲ. 2021ರ ಜನವರಿ 6ರಂದು ಗುಂಪು ಸಂಸತ್ ಭವನಕ್ಕೆ ನುಗ್ಗಿತು. ಟ್ರಂಪ್ ಮತ್ತೆ ಅಧಿಕಾರಕ್ಕೆ ಬಂದ ಮೊದಲ ದಿನವೇ ಆ ಪ್ರಕರಣದ ಸುಮಾರು 1,500 ಜನರಿಗೆ ಕ್ಷಮೆ ಕೊಟ್ಟರು. ಇದನ್ನು 'ಎರಡೂ ಪಕ್ಷ ಒಂದೇ' ಅಂತ ತೇಲಿಸಿ ಹೇಳಲು ನನ್ನಿಂದ ಆಗದು. 2001ರಲ್ಲಿ ಅಲ್ ಗೋರ್, 2025ರಲ್ಲಿ ಕಮಲಾ ಹ್ಯಾರಿಸ್ ಇಬ್ಬರೂ ಉಪಾಧ್ಯಕ್ಷರ ಕುರ್ಚಿಯಲ್ಲಿ ಕೂತು ತಮ್ಮದೇ ಸೋಲನ್ನು ಓದಿ ಹೇಳಿದರು. ಪ್ರಜಾಪ್ರಭುತ್ವ ನಿಂತಿರುವುದು ಅಂಥ ನಡವಳಿಕೆಯ ಮೇಲೆ. ಒಂದು ಸಮಾಧಾನ ಏನೆಂದರೆ, 2022ರಲ್ಲಿ ಸಂಸತ್ತು ಓಟು ಎಣಿಕೆಯ ಹಳೇ ಕಾನೂನನ್ನು ತಿದ್ದಿ, ಉಪಾಧ್ಯಕ್ಷರಿಗೆ ಫಲಿತಾಂಶ ಬದಲಿಸುವ ಅಧಿಕಾರ ಇಲ್ಲ ಅಂತ ಸ್ಪಷ್ಟ ಮಾಡಿತು. ಎರಡೂ ಪಕ್ಷದವರು ಸೇರಿ ಮಾಡಿದ ಕೆಲಸ ಅದು.

ಸರಿಪಡಿಸುವ ದಾರಿಗಳಿವೆ, ಸುಲಭದ್ದು ಯಾವುದೂ ಇಲ್ಲ. ಎಲೆಕ್ಟರ್ ಪದ್ಧತಿ ತೆಗೆಯಲು ಸಂವಿಧಾನ ತಿದ್ದಬೇಕು. 1969ರಲ್ಲಿ ಕೆಳಮನೆ ಭಾರಿ ಬಹುಮತದಿಂದ ಒಪ್ಪಿತ್ತು, ಸೆನೆಟ್‌ನಲ್ಲಿ ಸತ್ತಿತು. ತಿದ್ದುಪಡಿಗೆ 38 ರಾಜ್ಯಗಳು ಬೇಕು, ಈ ಪದ್ಧತಿಯಿಂದ ಲಾಭ ಇರುವವರು ಯಾಕೆ ಒಪ್ಪುತ್ತಾರೆ? ಗಡಿ ಎಳೆಯಲು ಸ್ವತಂತ್ರ ಆಯೋಗ ಒಳ್ಳೆಯ ಉಪಾಯ. ಕ್ಯಾಲಿಫೋರ್ನಿಯಾದಲ್ಲಿ ಅದು ಇತ್ತು. ಆದರೆ 2025ರಲ್ಲಿ ಟೆಕ್ಸಸ್‌ನ ರಿಪಬ್ಲಿಕನ್ನರು ಮುಂದಿನ ಜನಗಣತಿಗೆ ಕಾಯದೆ ನಡುವೆಯೇ ಗಡಿ ಬದಲಿಸಿದಾಗ, ಅದಕ್ಕೆ ಉತ್ತರವಾಗಿ ಕ್ಯಾಲಿಫೋರ್ನಿಯಾದ ಮತದಾರರು ಸಂಸತ್ ಕ್ಷೇತ್ರಗಳ ಮಟ್ಟಿಗೆ ಆಯೋಗವನ್ನು ಕೆಲ ವರ್ಷ ಬದಿಗಿಟ್ಟರು. ಒಬ್ಬರು ಮಾತ್ರ ಆಯುಧ ಕೆಳಗಿಟ್ಟರೆ ಹೀಗಾಗುತ್ತದೆ. ನನಗೆ ಹೆಚ್ಚು ಭರವಸೆ ಇರುವುದು ಅಲಾಸ್ಕಾದ ಪ್ರಯೋಗದ ಮೇಲೆ. ಅಲ್ಲಿ ಎಲ್ಲ ಪಕ್ಷದವರಿಗೂ ಒಂದೇ ಪ್ರೈಮರಿ, ಆಮೇಲೆ ಮತದಾರರು ಅಭ್ಯರ್ಥಿಗಳಿಗೆ ಒಂದು, ಎರಡು, ಮೂರು ಅಂತ ಕ್ರಮ ಕೊಡುತ್ತಾರೆ. ಎದುರು ಪಕ್ಷದವರ ಎರಡನೇ ಆಯ್ಕೆಯಾದರೂ ಆಗಬೇಕು ಅನ್ನುವ ಆಸೆ ಅಭ್ಯರ್ಥಿಯ ನಾಲಿಗೆಯನ್ನು ಸ್ವಲ್ಪ ಮೆತ್ತಗೆ ಮಾಡುತ್ತದೆ. ಆದರೆ ಜನರಿಗೆ ಇದು ಗೊಂದಲ. 2024ರಲ್ಲಿ ಅಲಾಸ್ಕಾದಲ್ಲೇ ಇದು ಸಾವಿರಕ್ಕಿಂತ ಕಡಿಮೆ ಓಟಿನಿಂದ ಬಚಾವಾಯಿತು. ಕೊಲೊರಾಡೊ, ನೆವಾಡ, ಐಡಹೊ, ಓರೆಗಾನ್ ಆ ವರ್ಷ ಇಂಥ ಪದ್ಧತಿ ಬೇಡ ಅಂದವು.

ಈಗ ನಿಮ್ಮ ಮನೆಯವರ ವಿಷಯ. ಅಳಿಯನಿಂದ ಶುರು ಮಾಡುತ್ತೇನೆ, ಯಾಕೆಂದರೆ ತಪ್ಪಾದರೆ ಹೆಚ್ಚು ಪೆಟ್ಟು ಬೀಳುವುದು ಅವರಿಗೆ. ಗ್ರೀನ್ ಕಾರ್ಡ್ ಇರುವವರು ಓಟು ಹಾಕುವಂತಿಲ್ಲ. ಹಾಕಿದರೆ ಅಪರಾಧ, ದೇಶದಿಂದ ಕಳಿಸಲೂಬಹುದು. ಎಷ್ಟೋ ಜನ ಎಡವುವುದು ಡ್ರೈವಿಂಗ್ ಲೈಸೆನ್ಸ್ ಕಚೇರಿಯಲ್ಲಿ. ಅಲ್ಲಿನ ಫಾರಂ ಅಥವಾ ಸ್ಕ್ರೀನ್ ಮೇಲೆ ಮತದಾರರ ನೋಂದಣಿ ಪ್ರಶ್ನೆ ಬರುತ್ತದೆ. ಓದದೆ 'ನಾನು ಪ್ರಜೆ' ಅನ್ನುವುದಕ್ಕೆ ಒತ್ತಿದರೆ ಸುಳ್ಳು ಹೇಳಿದಂತೆ ಆಗುತ್ತದೆ, ಮುಂದೆ ಪೌರತ್ವಕ್ಕೇ ಕುತ್ತು. ಆಗಲೇ ಒತ್ತಿಬಿಟ್ಟಿದ್ದರೆ ಮುಚ್ಚಿಡದೆ ಮೊದಲು ವಲಸೆ ವಕೀಲರನ್ನು ನೋಡಲಿ. ಗ್ರೀನ್ ಕಾರ್ಡ್ ಇದ್ದವರು ಅಭ್ಯರ್ಥಿಗೆ ದೇಣಿಗೆ ಕೊಡಬಹುದು. ಪ್ರವಾಸಿ ವೀಸಾ ಮೇಲೆ ಹೋದ ನೀವು ಮಾತ್ರ ಒಂದು ಡಾಲರ್ ಕೂಡ ಕೊಡುವಂತಿಲ್ಲ.

ಮಗಳು ಪ್ರಜೆಯಾದ ಮೇಲೆ ಓಟು ಹಾಕಲಿ. ದೂರ ಇರುವುದು ಜಾಣತನ ಅಂತ ನನಗೆ ಅನ್ನಿಸುವುದಿಲ್ಲ, ಅದರಲ್ಲೂ ಕೆಲವೇ ನೂರು ಓಟಿಗೆ ಫಲಿತಾಂಶ ತಿರುಗುವ ಕೌಂಟಿಯಲ್ಲಿ. ಪಕ್ಷದ ಹೆಸರಿನ ವಿಷಯಕ್ಕೆ ಬಂದರೆ, ಪೆನ್ಸಿಲ್ವೇನಿಯಾದಲ್ಲಿ ಅಭ್ಯರ್ಥಿ ಆರಿಸುವ ಪ್ರೈಮರಿಯಲ್ಲಿ ಆಯಾ ಪಕ್ಷಕ್ಕೆ ನೋಂದಾಯಿಸಿದವರಿಗೆ ಮಾತ್ರ ಓಟು. ಯಾವ ಪಕ್ಷವೂ ಬೇಡ ಅಂದರೆ ನವೆಂಬರ್ ಚುನಾವಣೆಗೆ ಏನೂ ತೊಂದರೆ ಇಲ್ಲ, ಆದರೆ ಅಭ್ಯರ್ಥಿಯನ್ನು ಬೇರೆಯವರು ಆರಿಸುತ್ತಾರೆ. ನೋಂದಾಯಿಸಿದರೆ ಅದು ಗುಟ್ಟಲ್ಲ. ಮತದಾರರ ಪಟ್ಟಿಯನ್ನು ಸಣ್ಣ ಶುಲ್ಕ ಕಟ್ಟಿ ಪಡೆಯಬಹುದು, ಪಕ್ಷದ ಹೆಸರೂ ಅದರಲ್ಲಿರುತ್ತದೆ. ಯಾರಿಗೆ ಓಟು ಹಾಕಿದರು ಅನ್ನುವುದು ಮಾತ್ರ ಯಾರಿಗೂ ತಿಳಿಯದು. ನನ್ನನ್ನು ಕೇಳಿದರೆ, ಮನಸ್ಸಿಗೆ ಹತ್ತಿರದ ಪಕ್ಷಕ್ಕೆ ನೋಂದಾಯಿಸಿ ಪ್ರೈಮರಿಯಲ್ಲೂ ಓಟು ಹಾಕಲಿ. ಇಷ್ಟ ಇಲ್ಲದಿದ್ದರೆ ಆಮೇಲೆ ಬದಲಿಸಬಹುದು. ಸೌಮ್ಯ ಮನಸ್ಸಿನವರು ಪ್ರೈಮರಿಗೆ ಬರದೇ ಇದ್ದದ್ದರಿಂದಲೇ ಅರ್ಧ ಸಮಸ್ಯೆ ಅಲ್ವಾ?

ಅಂಗಳದ ಬೋರ್ಡು ಹಾಕುವುದು, ಬಿಡುವುದು ಅವರಿಷ್ಟ. ಕೆಲಸದ ಜಾಗದಲ್ಲಿ ಮಾತ್ರ ಜೋಪಾನ. ಖಾಸಗಿ ಕಂಪನಿಯಲ್ಲಿ ರಾಜಕೀಯ ಮಾತಿಗೆ ರಕ್ಷಣೆ ರಾಜ್ಯದಿಂದ ರಾಜ್ಯಕ್ಕೆ ಬೇರೆ, ಎಷ್ಟೋ ಕಡೆ ತೀರಾ ಕಡಿಮೆ. ನಿಮ್ಮ ನೆಂಟರಲ್ಲಿ ಯಾರಾದರೂ ಓದಲು ಹೋಗುವವರಿದ್ದರೆ ಅವರಿಗೂ ಹೇಳಿ: 2025ರಿಂದ ವಿದ್ಯಾರ್ಥಿ ವೀಸಾ ಕೊಡುವಾಗ ಸಾಮಾಜಿಕ ಜಾಲತಾಣದ ಖಾತೆಗಳನ್ನೂ ನೋಡುತ್ತಾರೆ.

ಪಕ್ಕದ ಮನೆಯವರ ಬಗ್ಗೆ ಒಂದು ಮಾತು. ನಿಮ್ಮ ಮಗಳ ಮನೆಯವರು ಎರಡೂ ಕಡೆಯವರ ಜೊತೆ ಮಾತಾಡುತ್ತಿದ್ದರೆ ಅದನ್ನು ಹಾಗೇ ಮುಂದುವರಿಸಲಿ. ಟ್ರಂಪ್, ಹ್ಯಾರಿಸ್ ಅಂತ ಶುರು ಮಾಡುವುದು ಬೇಡ. ಶಾಲಾ ಮಂಡಳಿ, ರಸ್ತೆ, ಆಸ್ತಿ ತೆರಿಗೆಯಿಂದ ಶುರುವಾದ ಮಾತು ಹೆಚ್ಚು ದೂರ ಹೋಗುತ್ತದೆ. ಅಲ್ಲಿ ಶಾಲಾ ಮಂಡಳಿಗೂ ಚುನಾವಣೆ ಇದೆ. ಪೆನ್ಸಿಲ್ವೇನಿಯಾದಲ್ಲಿ ಅದು ಬೆಸ ಸಂಖ್ಯೆಯ ವರ್ಷಗಳಲ್ಲಿ ಬರುತ್ತದೆ, ಓಟು ಹಾಕಲು ಬರುವವರು ಕಡಿಮೆ. ಮಗಳು ತನ್ನ ಮೊದಲ ಓಟನ್ನು ಅಲ್ಲೇ ಹಾಕಬಹುದು. ಚುನಾವಣೆಗೆ 15 ದಿನ ಮೊದಲೇ ನೋಂದಣಿ ಮುಗಿಯುತ್ತದೆ. ಪೌರತ್ವದ ಪ್ರಮಾಣ ವಚನ ಮುಗಿದ ವಾರವೇ ಆ ಕೆಲಸ ಮಾಡಿಕೊಳ್ಳಲಿ.